ಮಾನಪ್ಪನ ಮೂರು ವಾರದ ಫೈರ್‌ವಾಲ್

ಎರಡು ಸಾವಿರದ ಎರಡನೆಯ ಇಸವಿಯ ಫೆಬ್ರವರಿಯಲ್ಲಿ ಮಣಿಪಾಲದಲ್ಲಿ ಒಬ್ಬ ಮನುಷ್ಯ ಮೂರು ವಾರ ಫೈರ್‌ವಾಲ್ ಆಗಿ ಕೆಲಸ ಮಾಡಿದ. ಯಂತ್ರ ಮಾಡಬೇಕಾದ ಕೆಲಸವನ್ನು ಮನುಷ್ಯನಿಂದ ಮಾಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಬೇಕಾದರೆ ಚರಂಡಿಗೆ ಇಳಿಯುವವರನ್ನು ಕೇಳಬಹುದು. ಆದರೆ ಆ ಯಂತ್ರ ಏನು ಮಾಡುತ್ತದೆಂದು ಮಾಡಿಸಿದವರಿಗೂ ಗೊತ್ತಿಲ್ಲದೆ, ಮಾಡಿದವನಿಗೂ ಗೊತ್ತಿಲ್ಲದೆ ಕೆಲಸ ಅಚ್ಚುಕಟ್ಟಾಗಿ ನಡೆದದ್ದು ಮಾತ್ರ ಇದೇ ಮೊದಲಿರಬೇಕು.

ಅವನ ಹೆಸರು ಮಾನಪ್ಪ. ಊರು ಕುಷ್ಟಗಿ ಕಡೆಯ ಒಂದು ಹಳ್ಳಿ. ಹನ್ನೊಂದು ವರ್ಷದ ಹಿಂದೆ ಘಟ್ಟ ಇಳಿದು ಬಂದು, ಉಡುಪಿ, ಮಣಿಪಾಲದ ಕಟ್ಟಡಗಳಿಗೆ ವರ್ಷಗಟ್ಟಲೆ ಜಲ್ಲಿ ಹೊತ್ತ ಮೇಲೆ ಅವನ ಮೈಗೆ ಒಂದು ಖಾಕಿ ಅಂಗಿಯೂ ಕೊರಳಿಗೆ ಒಂದು ಸೀಟಿಯೂ ಬಂದವು. ಏಳನೆಯ ತರಗತಿಯವರೆಗೆ ಓದಿದ್ದರಿಂದ ಅವನನ್ನು ಒಂದು ಟೈಪಿಂಗ್ ಕಂಪನಿಯ ಗೇಟಿಗೆ ವಾಚ್‌ಮನ್ ಮಾಡಿದ್ದರು. ಅಮೆರಿಕದ ಡಾಕ್ಟರರು ತಮ್ಮ ರೋಗಿಗಳ ವಿಚಾರವನ್ನು ಮೈಕಿನಲ್ಲಿ ಹೇಳುತ್ತಾರೆ, ಅದು ತಂತಿಯಲ್ಲಿ ಇಲ್ಲಿಗೆ ಬರುತ್ತದೆ, ಇಲ್ಲಿ ನಲವತ್ತು ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡುತ್ತಾರೆ. ಎಲ್ಲಿಯೋ ಒಬ್ಬ ಮುದುಕನ ಮಂಡಿಚಿಪ್ಪು ಸವೆದರೆ ಅದು ಮರುದಿನ ಬೆಳಗಾಗುವುದರೊಳಗೆ ಮಣಿಪಾಲದಲ್ಲಿ ಒಂದೂ ತಪ್ಪಿಲ್ಲದೆ ದಾಖಲಾಗುತ್ತಿತ್ತು.

ಕಂಪನಿಗೆ ಲಾಭ ಬಂದು ಮೇಲೆ ಇನ್ನೊಂದು ಮಾಳಿಗೆ ಏರಿಸುತ್ತಿದ್ದರು. ಕಾಂಟ್ರಾಕ್ಟು ಕಾರ್ಕಳದ ಗುಣಪಾಲನದು. ಅವನ ಹದಿನಾಲ್ಕು ಜನ ಆಳುಗಳೂ ಮಾನಪ್ಪನ ಕಡೆಯವರೇ. ಅದರಲ್ಲಿ ಅವನ ಸ್ವಂತ ಅಕ್ಕ ಸೋಮವ್ವನೂ ಅವಳ ಗಂಡ ಸಿದ್ದಣ್ಣನೂ ಇದ್ದರು. ಆದರೆ ಅವರಿಗೆ ಈ ಹೆಸರುಗಳಿದ್ದದ್ದು ಅವರವರ ನಡುವೆ ಮಾತ್ರ. ಗೇಟಿನ ಪುಸ್ತಕದಲ್ಲಿ ದಿನವೂ ಒಂದೇ ಸಾಲು: ಗುಣಪಾಲನ ಜನ, ಹದಿನಾಲ್ಕು. ಊರವರ ಬಾಯಲ್ಲಿ ಅದೂ ಇಲ್ಲ. ಘಟ್ಟ ಇಳಿದು ಬಂದವರೆಲ್ಲ ಘಟ್ಟದವರು, ಅಷ್ಟೆ.

ಕಂಪನಿಯ ಮ್ಯಾನೇಜರರು ಪೆರ್ಡೂರಿನ ಕರುಣಾಕರ. ಫೈರ್‌ವಾಲ್ ಇಲ್ಲದ ಕಂಪನಿಗೆ ಇನ್ನು ಕೆಲಸ ಕೊಡುವುದಿಲ್ಲ, ರೋಗಿಗಳ ಗುಟ್ಟು ಹೊರಗೆ ಹೋಗಬಾರದು ಎಂದು ಅಮೆರಿಕದಿಂದ ಕಾಗದ ಬಂದಾಗ ಅವರು ಶಿರ್ವದ ಮೌರಿಸ್‌ನನ್ನು ಕರೆಸಿದರು. ಮೌರಿಸ್ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಮಸ್ಕತ್ತಿನ ವೀಸಾಕ್ಕೆ ಕಾಯುತ್ತಿದ್ದವನು, ಆದ್ದರಿಂದ ಯಾರಿಗೂ ಎದುರು ಮಾತಾಡದವನು. ಮೂರು ವಿಧ ಉಂಟು ಸರ್, ಒಂದಕ್ಕಿಂತ ಒಂದಕ್ಕೆ ಬೆಲೆ ಜಾಸ್ತಿ ಎಂದ. ಮೂರಕ್ಕೂ ವ್ಯತ್ಯಾಸ ಎಂತ ಎಂದು ಮ್ಯಾನೇಜರರು ಕೇಳಿದರು. ಮೌರಿಸ್ ಕಿಟಕಿಯಿಂದ ಆಚೆ ನೋಡಿದ. ಗೇಟಿನಲ್ಲಿ ಮಾನಪ್ಪ ನಿಂತಿದ್ದ. ಅನಾಹುತ ಶುರುವಾದದ್ದು ಅಲ್ಲಿಂದ.

ತಂತಿಯಲ್ಲಿ ಯಾವುದೂ ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ, ಪ್ರತಿ ತುಂಡಿನ ಮೇಲೂ ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತದೆ ಎಂದು ಮೌರಿಸ್ ವಿವರಿಸಿದ. ಆ ತುಂಡುಗಳನ್ನು ಬಾಗಿಲಲ್ಲಿ ನಿಂತು ಬಿಡುವುದು ಅಥವಾ ತಡೆಯುವುದು ಫೈರ್‌ವಾಲಿನ ಕೆಲಸ. ಮೊದಲನೆಯ ವಿಧ ವಿಳಾಸ ಮಾತ್ರ ಓದುತ್ತದೆ. ನಮ್ಮ ಮಾನಪ್ಪ ಎಲ್ಲಿಂದ ಬಂದಿ, ಎಲ್ಲಿಗೆ ಹೋಗುತ್ತಿ ಎಂದಷ್ಟೇ ಕೇಳಿ ಬಿಟ್ಟ ಹಾಗೆ. ಬೇಗ ಆಗುತ್ತದೆ, ಅಗ್ಗ, ಆದರೆ ಸುಳ್ಳು ಹೇಳಿದರೆ ನಂಬುತ್ತದೆ. ಎರಡನೆಯದಕ್ಕೆ ನೆನಪು ಉಂಟು. ಒಳಗಿನಿಂದ ಯಾರು ಹೊರಗೆ ಹೋದರು, ಯಾರನ್ನು ಕರೆದರು ಎಂದು ಗುರುತು ಇಟ್ಟುಕೊಂಡು, ಅದಕ್ಕೆ ಉತ್ತರವಾಗಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಕರೆಯದೆ ಬಂದವರಿಗೆ ಬಾಗಿಲು ಇಲ್ಲ. ಮೂರನೆಯದು ಯಾರನ್ನೂ ಯಾರ ಹತ್ತಿರವೂ ಬಿಡುವುದಿಲ್ಲ. ತಾನೇ ತೆಗೆದುಕೊಂಡು, ಕಟ್ಟು ಬಿಚ್ಚಿ, ಒಳಗೆ ಏನಿದೆ ನೋಡಿ, ಮತ್ತೆ ಕಟ್ಟಿ ತಾನೇ ಒಯ್ದು ಕೊಡುತ್ತದೆ. ಅದರಷ್ಟು ಭದ್ರ ಬೇರೆ ಇಲ್ಲ. ಅದರಷ್ಟು ನಿಧಾನವೂ ಬೇರೆ ಇಲ್ಲ.

ಕರುಣಾಕರರು ಕಿವಿರು ಬಿಡಿಸಿ ನೋಡದೆ ಒಂದು ಬಂಗುಡೆಯನ್ನೂ ಕೊಂಡವರಲ್ಲ. ಪೇಟೆಯ ಮೀನಿನ ಹೆಂಗಸರೆಲ್ಲ ಅವರನ್ನು ಕಂಡರೆ ಬುಟ್ಟಿಗೆ ಎಲೆ ಮುಚ್ಚುತ್ತಿದ್ದರು. ಅಂಥವರು ನೋಡದೆ ಫೈರ್‌ವಾಲ್ ಕೊಳ್ಳುವುದುಂಟೇ.

"ಹೇಗೂ ನಮ್ಮಲ್ಲಿ ಮಾನಪ್ಪ ಇದ್ದಾನಲ್ವಾ," ಎಂದರು. "ವಾರಕ್ಕೆ ಒಂದು ವಿಧ ಮಾಡಲಿ. ಮೂರು ವಾರ ನೋಡುವ. ಯಾವುದು ಒಳ್ಳೆಯದು ಅಂತ ಕಂಡರೆ ಅದನ್ನು ತರಿಸುವ."

ಮೌರಿಸ್ ಬಾಯಿ ತೆರೆದ. ವೀಸಾ ನೆನಪಾಗಿ ಮುಚ್ಚಿದ.

ಮಾನಪ್ಪನನ್ನು ಒಳಗೆ ಕರೆದು ಎಸಿಯಲ್ಲಿ ನಿಲ್ಲಿಸಿ, ಇವತ್ತಿನಿಂದ ನೀನು ಫೈರ್‌ವಾಲ್ ಎಂದು ಹೇಳಿದಾಗ ಅವನಿಗೆ ಅದು ಬಡ್ತಿ ಎಂದು ತೋರಿತು. ಸಂಜೆ ಸೋಮವ್ವನ ಗುಡಿಸಲಿಗೆ ಹೋಗಿ ಹೇಳಿಯೂ ಬಂದ. ಸಿದ್ದಣ್ಣ ಆ ಕೆಲಸದಲ್ಲಿ ಕೂತಿರಬೇಕೋ ನಿಂತಿರಬೇಕೋ ಎಂದು ಕೇಳಿದ. ನಿಂತಿರಬೇಕು ಎಂದಾಗ, ಹಾಗಾದರೆ ಅದೇ ಕೆಲಸ, ಹೆಸರು ಬೇರೆ ಎಂದು ಮಗ್ಗುಲು ಬದಲಿಸಿದ. ಈ ವಿಷಯದಲ್ಲಿ ತಾಂತ್ರಿಕವಾಗಿ ಸರಿಯಾದ ಮಾತಾಡಿದವನು ಅವನೊಬ್ಬನೇ.

ಮೌರಿಸ್ ಒಂದು ರಟ್ಟಿನ ಮೇಲೆ ಐದು ನಿಯಮ ಬರೆದು ಗೇಟಿಗೆ ತೂಗುಹಾಕಿದ. ಮೇಲಿನಿಂದ ಕೆಳಗೆ ಓದು, ಯಾವುದು ಮೊದಲು ಹೊಂದುತ್ತದೋ ಅದನ್ನು ಮಾಡು, ಮುಂದೆ ಓದಬೇಡ ಎಂದ. ಕಂಪನಿಯ ಕಾರ್ಡು ಇದ್ದವರು, ಬಿಡು. ಅಂಚೆ, ಕೊರಿಯರ್, ಬಿಡು. ಪೆರ್ಡೂರಿನಿಂದ ಮ್ಯಾನೇಜರರ ಕೋಣೆಗೆ ಬರುವವರು, ಬಿಡು. ಇದು ಕರುಣಾಕರರೇ ಹೇಳಿ ಸೇರಿಸಿದ್ದು, ಅವರ ನೆಂಟರು ಜಾಸ್ತಿ. ನಾಲ್ಕನೆಯದು, ಗುಣಪಾಲನ ಜನ, ಬಿಡು. ಐದನೆಯದು, ಮೇಲೆ ಹೇಳದ ಯಾರೇ ಆಗಲಿ ಏನೇ ಆಗಲಿ, ತಡೆ.

ಮೊದಲ ದಿನ ಮಾನಪ್ಪ ಹೋದವರು ಬಂದವರು ಎಲ್ಲರನ್ನೂ ಬರೆದ. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೂರು ಪುಟದ ಪುಸ್ತಕದಲ್ಲಿ ಮೂವತ್ತು ಪುಟ ಮುಗಿದಿತ್ತು, ಹುಡುಗಿಯರು ಊಟಕ್ಕೆ ಹೋಗಲಾರದೆ ಗೇಟಿನಲ್ಲಿ ಸಾಲು ನಿಂತಿದ್ದರು. ಮೌರಿಸ್ ಓಡಿ ಬಂದು, ಬಿಟ್ಟವರನ್ನು ಬರೆಯುತ್ತ ಕೂತರೆ ಯಂತ್ರವೂ ಉಸಿರುಕಟ್ಟಿ ಸಾಯುತ್ತದೆ ಮಾರಾಯ, ತಡೆದವರನ್ನು ಮಾತ್ರ ಬರಿ ಎಂದ. ಹೊಸ ಪುಸ್ತಕ ಬಂತು. ಅದರ ರಟ್ಟಿನ ಮೇಲೆ ಮಾನಪ್ಪ ತನ್ನ ದುಂಡು ಅಕ್ಷರದಲ್ಲಿ 'ತಡೆದವರ ಪುಸ್ತಕ' ಎಂದು ಬರೆದ. ಗುಣಪಾಲನ ಜನ ಹದಿನಾಲ್ಕು ಎಂಬ ಒಂದು ಸಾಲೂ ಅಂದಿನಿಂದ ನಿಂತಿತು. ಅವರನ್ನು ಬಿಡುವುದೆಂದು ನಿಯಮವೇ ಇದ್ದ ಮೇಲೆ ಬರೆಯುವುದೇಕೆ.

ಹೊಸ ಪುಸ್ತಕದ ಮೊದಲ ಹೆಸರು ಕಾಪುವಿನ ಸರಸಳದು. ಆರು ವರ್ಷದಿಂದ ಆ ಬೀದಿಗೆ ಮೀನಿನ ಬುಟ್ಟಿ ಹೊತ್ತು ಬರುವವಳು, ಮಾನಪ್ಪನಿಗೆ ದಿನವೂ ಎಲೆಯಡಿಕೆ ಕೊಡುವವಳು. ಅವಳು ಕಾಪುವಿನಿಂದ ಬಂದೆ ಎಂದಳು. ಕಾಪು ಎಂಬುದು ರಟ್ಟಿನಲ್ಲಿ ಇರಲಿಲ್ಲ. ಮಾನಪ್ಪ ತಡೆದ, ಬರೆದ. ಸರಸ ರಟ್ಟನ್ನು ಓದಿಸಿ ಕೇಳಿಕೊಂಡು, ಹತ್ತು ಹೆಜ್ಜೆ ಹಿಂದೆ ಹೋಗಿ, ಮತ್ತೆ ಬಂದಳು.

"ಎಲ್ಲಿಂದ?" ಎಂದ ಮಾನಪ್ಪ.

"ಪೆರ್ಡೂರಿನಿಂದ."

"ಎಲ್ಲಿಗೆ?"

"ನಿನ್ನ ಮ್ಯಾನೇಜರರ ಕೋಣೆಗೆ. ಬಾಗಿಲು ತೆಗಿ ಮಾರಾಯ, ಬೂತಾಯಿ ಬೆಂದು ಹೋಗುತ್ತದೆ ಬಿಸಿಲಿಗೆ."

ಮಾನಪ್ಪ ಮುಖ ನೋಡಲಿಲ್ಲ. ಮುಖ ನೋಡುವುದು ಮೊದಲನೆಯ ವಿಧದ ಕೆಲಸವಲ್ಲ. ಸರಸ ಬುಟ್ಟಿಯ ಸಮೇತ ಎಸಿ ಕೋಣೆಗೆ ಹೋಗಿ, ಅಮೆರಿಕದೊಂದಿಗೆ ಫೋನಿನಲ್ಲಿದ್ದ ಕರುಣಾಕರರ ಮೇಜಿನ ಮೇಲೆ ಅದನ್ನು ಇಳಿಸಿದಳು. ಆ ವಾಸನೆ ಎಸಿಯೊಳಗೆ ಸೇರಿ ಶನಿವಾರದವರೆಗೂ ಹುಡುಗಿಯರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅಮೆರಿಕದವರ ಹೃದಯದ ಬಡಿತವನ್ನು ಟೈಪ್ ಮಾಡಿದರು. ಮೊದಲನೆಯ ವಿಧ ಬೇಡ ಎಂದು ಕರುಣಾಕರರು ಟಿಪ್ಪಣಿ ಬರೆದರು.

ಎರಡನೆಯ ವಾರ ಮಾನಪ್ಪನಿಗೆ ನೆನಪಿನ ಕೆಲಸಕ್ಕಾಗಿ ಒಂದು ಸ್ಲೇಟು ಕೊಟ್ಟರು. ಹೊರಗೆ ಹೋದವರ ಹೆಸರು ಅದರಲ್ಲಿ ಬರೆಯಬೇಕು, ಬಂದ ಕೂಡಲೇ ಬಿಟ್ಟು ಅಳಿಸಬೇಕು. ಹೋದವರು ಬಾರದೇ ಹೋದರೆ ಸ್ಲೇಟು ತುಂಬಿಹೋಗುತ್ತದೆ, ಸ್ವಲ್ಪ ಹೊತ್ತು ಕಾದು ಅಳಿಸಿಬಿಡು ಎಂದಿದ್ದ ಮೌರಿಸ್. ಮಾನಪ್ಪ ಅರ್ಧ ತಾಸು ಎಂದು ಗೊತ್ತುಮಾಡಿದ. ಮಂಗಳವಾರ ಕರುಣಾಕರರು ಉಡುಪಿಗೆ ಊಟಕ್ಕೆ ಹೋದರು. ಅಲ್ಲಿ ಯಾರೋ ಸಿಕ್ಕಿ ಎರಡು ತಾಸಾಯಿತು. ಕಾರ್ಡನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದ ಅವರು ತಾವು ಮಾತ್ರ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ಊರು ಹೇಳಿ ಸರ್ ಎಂದರೆ, ಊಟಕ್ಕೆ ಹೋದದ್ದು ಉಡುಪಿಗೆ, ಉಡುಪಿಯಿಂದ ಬಂದೆ ಎಂದು ಪ್ರಾಮಾಣಿಕವಾಗಿ ಹೇಳಿಬಿಟ್ಟರು.

"ನನ್ನ ಪರಿಚಯ ಇಲ್ವಾ ನಿನಗೆ?"

"ಐತ್ರಿ ಸರ. ಸ್ಲೇಟಿನ್ಯಾಗ ಇಲ್ರಿ."

ಹೀಗೆ ತಡೆದವರ ಪುಸ್ತಕದಲ್ಲಿ ಮ್ಯಾನೇಜರರ ಹೆಸರೂ ಬಂತು. ಕೊನೆಗೆ ಟೈಪ್ ಮಾಡುವ ಸೌಮ್ಯಶ್ರೀ ಗಾಜಿನ ಬಾಗಿಲಿಗೆ ಬಂದು, ಇವರನ್ನು ನಾನೇ ಕರೆದದ್ದು ಎಂದು ಹೇಳಿದ ಮೇಲೆ, ಒಳಗಿನವರು ಕರೆದವರೆಂಬ ಲೆಕ್ಕದಲ್ಲಿ ಅವರು ತಮ್ಮ ಕುರ್ಚಿಗೆ ಹೋಗಿ ಸೇರಿದರು. ಎಲ್ಲರೂ ಮಾನಪ್ಪನ ಕೆಲಸ ಹೋಯಿತೆಂದುಕೊಂಡರು. ಕರುಣಾಕರರು ಉಬ್ಬಿಹೋಗಿದ್ದರು. ನನ್ನನ್ನೇ ತಡೆದ ಎಂದ ಮೇಲೆ ಬೇರೆಯವರ ಪಾಡು ಎಂತ ಎಂದು ಫೋನಿನಲ್ಲಿ ನಾಲ್ಕು ಜನರಿಗೆ ಹೇಳಿದರು. ದೊಡ್ಡವರಿಗೆ ಇಂಥ ಅವಮಾನ ವರ್ಷಕ್ಕೊಮ್ಮೆ ಬೇಕಾಗುತ್ತದೆ, ಕಾನೂನು ಎಲ್ಲರಿಗೂ ಒಂದೇ ಎಂದು ಆಮೇಲೆ ಹೇಳಿಕೊಂಡು ತಿರುಗಲು.

ಮೂರನೆಯ ವಾರ ಮಾನಪ್ಪನ ಜಾಗ ಬದಲಾಯಿತು. ಗೇಟು ದಾಟಿದರೆ ಎಡಕ್ಕೆ ಆಫೀಸಿನ ಗಾಜಿನ ಬಾಗಿಲು, ಬಲಕ್ಕೆ ಹಿಂಬದಿಯಲ್ಲಿ ನಡೆಯುತ್ತಿದ್ದ ಮಾಳಿಗೆಯ ಕೆಲಸಕ್ಕೆ ಹೋಗುವ ದಾರಿ. ಅವನು ಗೇಟಿಗೂ ಗಾಜಿನ ಬಾಗಿಲಿಗೂ ನಡುವೆ ನಿಂತ. ಆಫೀಸಿನ ಒಳಗಿನವರ ಜೊತೆ ಹೊರಗಿನವರು ಯಾರೂ ನೇರ ಮಾತಾಡುವಂತಿಲ್ಲ. ಬಂದ ಮಾತನ್ನು ಮಾನಪ್ಪ ಕೇಳಿ, ಬಿಚ್ಚಿ ನೋಡಿ, ಮತ್ತೆ ಕಟ್ಟಿ ತಾನೇ ಒಯ್ಯಬೇಕು. ಹುಡುಗಿಯರ ಬುತ್ತಿ ಡಬ್ಬಿಗಳೆಲ್ಲ ತೆರೆದು ನೋಡಲ್ಪಟ್ಟವು. ಸೌಮ್ಯಶ್ರೀಗೆ ಅಜೆಕಾರಿನಿಂದ ಬಂದ ಜಾತಕವನ್ನು ಅವನು ಕವರು ಒಡೆದು ಪೂರ್ತಿ ಓದಿ, ಮತ್ತೆ ಅಂಟಿಸಿ, ಹುಡುಗ ಪರವಾಗಿಲ್ಲ ಎಂಬ ಅಭಿಪ್ರಾಯದೊಂದಿಗೆ ತಲುಪಿಸಿದ. ಸರಸ ಬಂದರೆ ಬುಟ್ಟಿ ಗೇಟಿನ ಹೊರಗೆ, ಕೊಳ್ಳುವವರು ಗಾಜಿನ ಒಳಗೆ. ಕಿವಿರು ಕೆಂಪಿದೆಯೋ ನೋಡು ಎಂದು ಕರುಣಾಕರರು ಹೇಳಿ ಕಳಿಸುತ್ತಿದ್ದರು. ಹುಟ್ಟಿದ ಮೇಲೆ ಮೀನು ಮುಟ್ಟದ ಮಾನಪ್ಪ ಕಣ್ಣು ಮುಚ್ಚಿಕೊಂಡು ಎರಡು ಬೆರಳಲ್ಲಿ ಕಿವಿರು ಬಿಡಿಸಿ, ಕೆಂಪೈತ್ರಿ ಎಂದು ವರದಿ ಒಪ್ಪಿಸುತ್ತಿದ್ದ. ಮೀನು ಒಳಗೆ ಬರುವುದು ಮಾತ್ರ ನಿಷಿದ್ಧವಾದ್ದರಿಂದ ದಿನಕ್ಕೊಮ್ಮೆ ಸರಸಳ ಹೆಸರು ಪುಸ್ತಕಕ್ಕೆ ಹೋಗುತ್ತಿತ್ತು.

ಗುಣಪಾಲನ ಜನರನ್ನು ಮಾತ್ರ ಯಾರೂ ಬಿಚ್ಚಿ ನೋಡಲಿಲ್ಲ. ಅವರು ಬೆಳಿಗ್ಗೆ ಎಂಟಕ್ಕೆ ಒಟ್ಟಾಗಿ ಬರುತ್ತಿದ್ದರು, ನಾಲ್ಕನೆಯ ನಿಯಮದ ಕೆಳಗೆ ಒಟ್ಟಾಗಿ ಬಲಕ್ಕೆ ತಿರುಗುತ್ತಿದ್ದರು. ಬುಧವಾರವೂ ಹಾಗೆಯೇ ತಿರುಗಿದರು. ಸಿದ್ದಣ್ಣ ಹೋಗುತ್ತ, ಫೈರ್‌ವಾಲ್ ಸಾಹೇಬರಿಗೆ ನಮಸ್ಕಾರ ಎಂದು ಹಣೆಗೆ ಕೈ ಹಚ್ಚಿ ನಕ್ಕ. ಮಾನಪ್ಪ ನಗಲಿಲ್ಲ. ಕೆಲಸದ ಮೇಲಿದ್ದ.

ಹನ್ನೊಂದು ಗಂಟೆಗೆ ಕಾಂಕ್ರೀಟು ಮಿಕ್ಸರಿನ ಕಿಟ್ಟ ಓಡಿ ಬಂದ. ಅವನು ಕಾಪುವಿನವನು, ಮಿಕ್ಸರಿನೊಂದಿಗೆ ಅವತ್ತೇ ಬಂದವನು, ಆಳುಗಳಲ್ಲಿ ಒಬ್ಬರ ಗುರುತೂ ಅವನಿಗಿಲ್ಲ. ಘಟ್ಟದವನೊಬ್ಬ ಮೇಲಿನಿಂದ ಬಿದ್ದಿದ್ದಾನೆ, ಏಳುವುದಿಲ್ಲ, ಆಫೀಸಿನ ಕಾರು ಬೇಕು ಎಂದ. ಗಾಜಿನ ಬಾಗಿಲಿನತ್ತ ಹೋಗುತ್ತಿದ್ದವನನ್ನು ಮಾನಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದ. ಒಳಗಿನವರ ಜೊತೆ ನೇರ ಮಾತಿಲ್ಲ. ಮಾತನ್ನು ತಾನು ತೆಗೆದುಕೊಂಡ, ಬಿಚ್ಚಿದ, ರಟ್ಟಿನಲ್ಲಿದ್ದ ಹೆಸರಿಗೆ ಹೊಂದಿಸಿ ಮತ್ತೆ ಕಟ್ಟಿದ. ಒಳಗೆ ಹೋಗಿ, ಗುಣಪಾಲನ ಜನ ಒಬ್ಬ ಬಿದ್ದಾನಂತ್ರಿ, ಕಾರು ಬೇಕಂತ್ರಿ ಎಂದು ಒಪ್ಪಿಸಿದ.

ಎಷ್ಟನೆಯ ಮಾಳಿಗೆಯಿಂದ ಎಂದು ಕರುಣಾಕರರು ಕೇಳಿದರು. ಮಾನಪ್ಪ ಹೊರಗೆ ಬಂದು ಕಿಟ್ಟನನ್ನು ಕೇಳಿದ, ಎರಡನೆಯದು ಎಂಬ ಉತ್ತರವನ್ನು ಒಳಗೆ ಒಯ್ದ. ಕುಡಿದಿದ್ದನಾ ಎಂದು ಕೇಳಿದರು. ಹೊರಗೆ ಬಂದ, ಕೇಳಿದ, ಗೊತ್ತಿಲ್ಲವಂತೆ ಎಂದು ಒಯ್ದ. ಗುಣಪಾಲನಿಗೆ ಫೋನು ಮಾಡಬೇಕಲ್ಲ, ಬಿದ್ದವನ ಹೆಸರೆಂತ ಎಂದು ಕೇಳಿದರು. ಈ ಪ್ರಶ್ನೆ ಮಾನಪ್ಪನಿಗೆ ಅದುವರೆಗೆ ಹೊಳೆದಿರಲಿಲ್ಲ. ಹೊರಗೆ ಬಂದ. ಕಿಟ್ಟನಿಗೆ ಹೆಸರು ಗೊತ್ತಿರಲಿಲ್ಲ. ಅವನು ಕಟ್ಟಡದ ಹಿಂದಕ್ಕೆ ಹೋಗಿ ಕೇಳಿ ಬಂದ. ಇಪ್ಪತ್ತು ನಿಮಿಷ ಕಳೆದಿತ್ತು.

"ಎಂತದೋ ಸಿದ್ದಣ್ಣ ಅಂತೆ," ಎಂದ ಕಿಟ್ಟ. "ಅವನ ಹೆಂಡತಿ ಬೊಬ್ಬೆ ಹೊಡೆಯುತ್ತಿದ್ದಾಳೆ."

ಈ ಉತ್ತರವನ್ನು ಮಾನಪ್ಪ ಒಳಗೆ ಒಯ್ಯಲಿಲ್ಲ. ಕರುಣಾಕರರು ಗಾಜಿನ ಹಿಂದೆ ಫೋನು ಹಿಡಿದು ಕಾಯುತ್ತಲೇ ಇದ್ದರು.

ಅವನು ಹಿಂದಕ್ಕೆ ಓಡಿ ತಲುಪುವಷ್ಟರಲ್ಲಿ ಸರಸ ಅಲ್ಲಿದ್ದಳು. ಬೆಳಿಗ್ಗೆ ಆಗಲೇ ಒಮ್ಮೆ ತಡೆಸಿಕೊಂಡು ಪುಸ್ತಕಕ್ಕೆ ಸೇರಿದ್ದವಳು, ಸೋಮವ್ವನ ಕೂಗು ಕೇಳಿ ಬುಟ್ಟಿಯನ್ನು ರಸ್ತೆಯಲ್ಲೇ ಇಟ್ಟು, ಕಾವಲಿಲ್ಲದ ಗೇಟಿನಿಂದ ಒಳಗೆ ಬಂದಿದ್ದಳು. ಅವಳನ್ನು ಕಾಪುವಿನಿಂದ ತಂದು ಬಿಟ್ಟಿದ್ದ ಮೀನಿನ ಟೆಂಪೋವನ್ನೇ ಕೂಗಿ ಕರೆದು, ಸಿದ್ದಣ್ಣನನ್ನು ಮರಳಿನ ರಾಶಿಯಿಂದ ಎತ್ತಿಸಿ, ಐಸು ಕರಗಿದ ನೀರಿನಲ್ಲಿ ಮಲಗಿಸಿಕೊಂಡು ಮುಂಗಡ ಕೇಳದ ಉಡುಪಿಯ ಸರ್ಕಾರಿ ಆಸ್ಪತ್ರೆಗೆ ಒಯ್ದಳು.

ಸಿದ್ದಣ್ಣ ಸಾಯಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಅವನದು ಅನ್ನುವುದೇನೂ ಉಳಿಯಲಿಲ್ಲ. ಬೆನ್ನುಮೂಳೆ ಮುರಿದಿದೆ, ಮಂಗಳೂರಿಗೆ ಒಯ್ದು ಬೇಗ ಆಪರೇಷನ್ ಮಾಡಿಸಿದರೆ ಕಾಲು ಬಂದರೂ ಬಂದೀತು ಎಂದು ಡಾಕ್ಟರರು ಹೇಳಿದರು. ಕೆಲಸದ ಜಾಗದಲ್ಲಿ ಬಿದ್ದವನು ಎಂದು ಸರ್ಕಾರ ಒಪ್ಪಿದರೆ ಕಾಂಟ್ರಾಕ್ಟರು ಮಾಡಿಸಬೇಕು. ಒಪ್ಪದಿದ್ದರೆ ಇಲ್ಲ. ಗುಣಪಾಲ ಆಸ್ಪತ್ರೆಗೆ ಬಂದು, ಹಣ್ಣಿನ ಪೊಟ್ಟಣ ಕೊಟ್ಟು, ಪಾಪ, ಅವತ್ತು ಇವನು ಕೆಲಸಕ್ಕೆ ಬಂದಿರಲೇ ಇಲ್ಲ, ಎಲ್ಲಿ ಬಿದ್ದನೋ ಎಂತದೋ ಎಂದು ಹೇಳಿ ಹೋದ. ಬಿದ್ದದ್ದು ನಾನೇ, ನನಗೆ ಗೊತ್ತು ಎಂದು ಸಿದ್ದಣ್ಣ ಹೇಳಿದ್ದನ್ನು ಯಾರೂ ಸಾಕ್ಷಿ ಎಂದು ಬರೆದುಕೊಳ್ಳಲಿಲ್ಲ.

ಶನಿವಾರ ಸರ್ಕಾರದ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ವಯಸ್ಸಾದವರು, ಮೆತ್ತಗಿನ ಮಾತಿನವರು. ಕರುಣಾಕರರು ಅವರ ಮುಂದೆ ಗೇಟಿನ ಪುಸ್ತಕ ಇಟ್ಟರು. ಇನ್ಸ್‌ಪೆಕ್ಟರು ಬುಧವಾರದ ಪುಟ ತೆರೆದು ಮೇಲಿನಿಂದ ಕೆಳಗೆ ಬೆರಳಾಡಿಸಿದರು. ಸಿದ್ದಣ್ಣನ ಹೆಸರಿಲ್ಲ. ಮೌರಿಸ್ ಧೈರ್ಯ ಮಾಡಿ, ಇದರಲ್ಲಿ ಬಿಟ್ಟವರನ್ನು ಬರೆಯುವ ಕ್ರಮ ಇಲ್ಲ ಸರ್, ಡಿಫಾಲ್ಟ್ ಸೆಟ್ಟಿಂಗ್ ಹಾಗೆ ಎಂದು ಶುರುಮಾಡಿದ. ಕರುಣಾಕರರು ಅವನ ಮುಖ ನೋಡಿದರು. ಮೌರಿಸ್ ಉಳಿದದ್ದನ್ನು ಇಂಗ್ಲಿಷಿನಲ್ಲಿ, ಯಾರಿಗೂ ತಿಳಿಯದ ಹಾಗೆ ಹೇಳಿ ಮುಗಿಸಿದ.

"ಅದೆಲ್ಲ ನನಗೆ ಗೊತ್ತಾಗುವುದಿಲ್ಲ," ಎಂದರು ಇನ್ಸ್‌ಪೆಕ್ಟರು. "ಆ ದಿನದ ಪುಟದಲ್ಲಿ ಹೆಸರು ಇದ್ದರೆ ಮುಂದಿನ ಮಾತು. ಬುಧವಾರ ಮತ್ತೆ ಬರುತ್ತೇನೆ. ಸಾಕ್ಷಿ ಇದ್ದರೆ ಕರೆಸಿ."

ಮಾನಪ್ಪನ ತಲೆಯೊಳಗೆ ಇಳಿದದ್ದು ಇದರಲ್ಲಿ ಒಂದೇ ಮಾತು. ಪುಟದಲ್ಲಿ ಹೆಸರು ಇರಬೇಕು. ಅದನ್ನೇ ಅವನು ಹೋಗಿ ಸೋಮವ್ವನಿಗೆ ಹೇಳಿದ. ಸೋಮವ್ವ ಉಳಿದ ಆಳುಗಳಿಗೆ ಹೇಳಿದಳು.

ಮೂರು ವಾರ ಮುಗಿದಿದ್ದರೂ ರಟ್ಟನ್ನು ಇಳಿಸು ಎಂದು ಯಾರೂ ಹೇಳಿರಲಿಲ್ಲ. ಸೋಮವಾರ ಎಂಟಕ್ಕೆ ಹದಿಮೂರು ಜನ ಬಂದರು, ಬಲಕ್ಕೆ ತಿರುಗಲಿಲ್ಲ. ಗೇಟಿನ ಮುಂದೆ ಸಾಲಾಗಿ ನಿಂತರು. ಅವತ್ತು ಮಾಳಿಗೆಯ ಸ್ಲ್ಯಾಬು ಹಾಕುವ ದಿನ. ಕಿಟ್ಟ ಮಿಕ್ಸರು ತಿರುಗಿಸಿ ಕಾಯುತ್ತಿದ್ದ. ನಮ್ಮ ಹೆಸರು ಬರಿ, ಬರೆಯದೆ ಒಳಗೆ ಹೋಗುವುದಿಲ್ಲ ಎಂದಳು ಸೋಮವ್ವ. ಬಿಡುವವರ ಹೆಸರು ಬರೆಯುವಂತಿಲ್ಲ, ತಡೆದವರದ್ದು ಮಾತ್ರ ಎಂದ ಮಾನಪ್ಪ. ಮುಂದಿದ್ದ ಕರಿಬಸವ ಎಂಬ ಆಳು ಒಂದು ಗಳಿಗೆ ಯೋಚಿಸಿದ.

"ಹಂಗಾದ್ರ ತಡಿ," ಎಂದ.

ಮಾನಪ್ಪ ರಟ್ಟನ್ನು ಇಳಿಸಿದ. ಗುಣಪಾಲನ ಜನ ಎಂಬ ನಾಲ್ಕನೆಯ ಸಾಲಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದ. ಅದು ಹೋದ ಮೇಲೆ ಅವರಿಗೆ ಹೊಂದುವ ನಿಯಮ ಐದನೆಯದೊಂದೇ. ಒಬ್ಬೊಬ್ಬರನ್ನಾಗಿ ತಡೆದ, ಒಬ್ಬೊಬ್ಬರ ಹೆಸರನ್ನೂ ಬರೆದ, ತಂದೆಯ ಹೆಸರು, ಊರು, ತಾಲ್ಲೂಕು ಸಮೇತ. ಹನ್ನೊಂದು ವರ್ಷದಲ್ಲಿ ಆ ಊರಿನ ಯಾವ ಪುಸ್ತಕದಲ್ಲೂ ಅಷ್ಟು ಜನ ಘಟ್ಟದವರು ತಮ್ಮ ತಮ್ಮ ಹೆಸರಿನಲ್ಲಿ ಇರಲಿಲ್ಲ. ಗುಣಪಾಲ ಬಂದು ಬೈದ. ಕರುಣಾಕರರು ಬಂದು, ಬಿಡು ಮಾನಪ್ಪ ಎಂದರು. ರಟ್ಟಿನ್ಯಾಗ ಹೆಸರು ಸೇರಸ್ರಿ ಸರ, ಹದಿನಾಲ್ಕು ಹೆಸರು, ನಿಮ್ಮ ಸಹಿ ಹಾಕ್ರಿ, ಬಿಡ್ತೀನಿ ಎಂದ ಮಾನಪ್ಪ. ಹದಿಮೂರು ಜನ ಅಲ್ವಾ ಎಂದರು ಅವರು. ಹದಿನಾಲ್ಕು ಎಂದಳು ಸೋಮವ್ವ. ಕರುಣಾಕರರು ತಿರುಗಿ ಒಳಗೆ ಹೋದರು.

ಆ ಕ್ಷಣದಲ್ಲಿ ಮಾನಪ್ಪ ಜಗತ್ತಿನ ಅತ್ಯುತ್ತಮ ಫೈರ್‌ವಾಲ್ ಆಗಿದ್ದ. ಒಂದು ನೊಣವೂ ಅವನನ್ನು ದಾಟಿ ಹೋಗುವಂತಿರಲಿಲ್ಲ. ಆದರೆ ಎಂಥ ಫೈರ್‌ವಾಲಾದರೂ ತನ್ನ ಮುಂದೆ ಹಾದುಹೋಗುವುದನ್ನು ಮಾತ್ರ ತಡೆಯಬಲ್ಲದು. ಇದನ್ನು ಮೌರಿಸ್ ಅವನಿಗೆ ಹೇಳಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕಟ್ಟಡದ ಹಿಂದೆ ಕಾಂಪೌಂಡಿನ ಗೋಡೆ ಒಡೆಯುವ ಸದ್ದು ಕೇಳಿತು. ಕಾರ್ಕಳದ ಕಲ್ಲುಕೋರೆಯಿಂದ ಲಾರಿಯಲ್ಲಿ ತಂದ ಬೇರೆ ಇಪ್ಪತ್ತು ಜನ ಆ ಒಡೆದ ಜಾಗದಿಂದ ಒಳಗೆ ಇಳಿದರು. ಅವರ ಹೆಸರನ್ನೂ ಯಾರೂ ಕೇಳಲಿಲ್ಲ. ಮಿಕ್ಸರು ಮತ್ತೆ ತಿರುಗತೊಡಗಿತು.

ಹದಿಮೂರು ಜನ ಗೇಟಿನ ಹೊರಗೆ ಬಿಸಿಲಲ್ಲಿ ಕೂತು ಆ ಸದ್ದು ಕೇಳಿದರು. ಸಂಜೆಯ ಹೊತ್ತಿಗೆ ಕರಿಬಸವ ಎದ್ದ, ಆಮೇಲೆ ಒಬ್ಬೊಬ್ಬರಾಗಿ ಎದ್ದರು. ನಾಳೆ ಬೇರೆ ಕಡೆ ಕೆಲಸ ಹುಡುಕಬೇಕಿತ್ತು. ಸೋಮವ್ವ ಮಾತ್ರ ಉಳಿದಳು. ಓದಿ ಹೇಳು ಎಂದಳು. ಮಾನಪ್ಪ ಹದಿಮೂರು ಹೆಸರು ಓದಿದ.

"ನಿಮ್ಮ ಮಾವಂದು?" ಎಂದು ಗಂಡನ ಹೆಸರು ಹೇಳದೆ ಕೇಳಿದಳು.

"ಅಂವ ಇವತ್ತು ಬಂದಿಲ್ಲಲ್ಲಬೇ ಅಕ್ಕ."

"ಅವತ್ತು ಬಂದಿದ್ದನಿಲ್ಲ? ಅವತ್ತಿನ ಹಾಳಿಯಾಗ ಬರಿ. ಅವತ್ತಿನ ಹಾಳಿಯಾಗ ಇರಬೇಕಂತ ಆ ಸಾಹೇಬ್ರೇ ಅಂದಾರಲ್ಲ."

ಮಾನಪ್ಪ ಬುಧವಾರದ ಪುಟ ತೆಗೆದ. ಕೊನೆಯಲ್ಲಿ ಸರಸಳ ಹೆಸರಿತ್ತು, ಅದರ ಕೆಳಗೆ ಎರಡು ಬೆರಳಷ್ಟು ಜಾಗವಿತ್ತು. ಅವನು ಸುಳ್ಳು ಬರೆಯಲಿಲ್ಲ. ಸಿದ್ದಣ್ಣ ಬಂದದ್ದು ನಿಜ, ಬುಧವಾರ ಬಂದದ್ದು ನಿಜ, ಎಂಟು ಗಂಟೆಗೆ ಬಂದದ್ದು ನಿಜ. ಅದನ್ನು ಬರೆಯಬೇಕಾದ ಪುಸ್ತಕ ಬೇರೆ ಇತ್ತು. ಆ ಪುಸ್ತಕವನ್ನು ಯಾರೂ ಇಟ್ಟಿರಲಿಲ್ಲ. ಇದ್ದ ಪುಸ್ತಕದಲ್ಲಿ, ಬೇರೆಲ್ಲ ಹೆಸರಿಗಿಂತ ದುಂಡಾಗಿ ಬರೆದ: ಸಿದ್ದಣ್ಣ, ತಂದೆ ದುರಗಪ್ಪ, ಬೆಳಿಗ್ಗೆ ಎಂಟು.

ಬುಧವಾರ ಇನ್ಸ್‌ಪೆಕ್ಟರು ಬಂದರು. ಮ್ಯಾನೇಜರರ ಕೋಣೆಯಲ್ಲಿ ವಿಚಾರಣೆ. ನಾಲ್ಕನೆಯ ಸಾಲು ಹೊಡೆದುಹಾಕಿದ್ದರಿಂದ ಸೋಮವ್ವನಿಗೆ ಒಳಗೆ ಬರುವ ದಾರಿ ಇರಲಿಲ್ಲ, ಅವಳು ಗೇಟಿನ ಹೊರಗೆ ಕೂತಳು. ಉಳಿದ ಆಳುಗಳು ಬೇರೆ ಕೆಲಸ ಹುಡುಕಿ ಹೋಗಿದ್ದರು. ಸಾಕ್ಷಿ ಹೇಳಲು ಸರಸಳನ್ನು ಮಾತ್ರ ಕರೆದರು. ತಾನು ಸಿದ್ದಣ್ಣನನ್ನು ಎತ್ತಿದ್ದು ಎಲ್ಲಿಂದ, ಅವನು ಬಿದ್ದದ್ದು ಯಾವ ಮಗ್ಗುಲಿಗೆ, ಮರಳು ಎಷ್ಟು ಒದ್ದೆಯಾಗಿತ್ತು ಎಂಬುದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿ ಪುಸ್ತಕ ತೆರೆದರು. ಅವತ್ತು ಸರಸಳನ್ನು ಗೇಟಿನಲ್ಲಿ ತಡೆದಿದೆ ಎಂದು ಅದರಲ್ಲಿತ್ತು.

"ನೀನು ಒಳಗೆ ಬರಲೇ ಇಲ್ಲವಲ್ಲಮ್ಮ. ನೋಡಿದ್ದು ಹೇಗೆ?"

"ನಾನು ಬರದಿದ್ದರೆ ಅವನು ಅಲ್ಲೇ ಸಾಯುತ್ತಿದ್ದ," ಎಂದಳು ಸರಸ. "ನಿಮ್ಮ ಪುಸ್ತಕವನ್ನು ಕರೆಯಿರಿ ಹಾಗಾದರೆ, ಮುಂದಿನ ಸಲ ಎತ್ತಿಕೊಂಡು ಹೋಗಲಿಕ್ಕೆ."

ಅವಳನ್ನು ಹೊರಗೆ ಕಳಿಸಿದರು. ಇನ್ಸ್‌ಪೆಕ್ಟರ ಬೆರಳು ಅವಳ ಹೆಸರಿನಿಂದ ಒಂದು ಸಾಲು ಕೆಳಗೆ ಇಳಿಯಿತು. ಇಳಿದು ನಿಂತಿತು. ಹೋದ ಸಲ ನನ್ನ ಕಣ್ತಪ್ಪಿರಬೇಕು ಎಂದುಕೊಂಡರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು, ಆಮೇಲೆ ಪುಸ್ತಕವನ್ನು ಮುಚ್ಚಿ ಅದರ ರಟ್ಟಿನ ಮೇಲಿದ್ದ 'ತಡೆದವರ ಪುಸ್ತಕ' ಎಂಬುದನ್ನು ಓದಿದರು.

"ಇದು ನಿನ್ನ ಅಕ್ಷರವಾ?"

"ಹೌದ್ರಿ," ಎಂದ ಮಾನಪ್ಪ. ಸಾಹೇಬರು ಹೆಸರನ್ನು ಕಂಡರಲ್ಲ ಎಂದು ಅವನ ಎದೆ ಹಗುರವಾಗಿತ್ತು.

"ಹಾಗಾದರೆ ಮುಗಿಯಿತಲ್ಲ. ಬೆಳಿಗ್ಗೆ ಎಂಟಕ್ಕೆ ಬಂದಿದ್ದಾನೆ, ನೀನು ತಡೆದಿದ್ದೀ. ಒಳಗೆ ಹೋಗದವನು ಒಳಗೆ ಬೀಳುವುದು ಹೇಗೆ?"

ಕರುಣಾಕರರಿಗೂ ಇದು ಹೊಸ ಸುದ್ದಿ. ಅವರು ಮಾನಪ್ಪನತ್ತ ಮೊಟ್ಟಮೊದಲ ಬಾರಿಗೆ ಪ್ರೀತಿಯಿಂದ ನೋಡಿದರು. ಮಾನಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ತಡದಿಲ್ರಿ ಸಾಹೇಬ್ರ," ಎಂದ. "ತಡೀಬೇಕಾಗಿತ್ರಿ."

ಆ ಸಾಲನ್ನು ಹೊಡೆದುಹಾಕುತ್ತೇನೆ ಎಂದು ಪುಸ್ತಕಕ್ಕೆ ಕೈ ಚಾಚಿದ. ದಾಖಲೆ ತಿದ್ದುವುದು ಅಪರಾಧ ಎಂದು ಇನ್ಸ್‌ಪೆಕ್ಟರು ಮೆತ್ತಗೆ ಹೇಳಿ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಹನ್ನೊಂದು ವರ್ಷದಿಂದ ಆ ಊರಿನಲ್ಲಿ ಯಾವ ಮಾತಿಗೂ ಬೆಲೆಯಿಲ್ಲದಿದ್ದ ಮಾನಪ್ಪನ ಒಂದು ಸಾಲನ್ನು ಸರ್ಕಾರ ಒಂದು ಅಕ್ಷರವೂ ಬಿಡದೆ ನಂಬಿತು. ಇಂಥ ಕಾವಲುಗಾರ ಇರುವಾಗ ಅಗ್ಗದ ಯಂತ್ರವೇ ಸಾಕು ಎಂದು ಕರುಣಾಕರರು ಅವತ್ತೇ ಮೊದಲನೆಯ ವಿಧಕ್ಕೆ ಆರ್ಡರು ಕೊಟ್ಟರು.

ಮಾನಪ್ಪ ಗೇಟಿಗೆ ಬಂದ. ಹೊರಗೆ ಸೋಮವ್ವ ಸೆರಗಿನಿಂದ ತಲೆ ಮುಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದಳು. ಅವನನ್ನು ಕಂಡು ಗೇಟಿನ ಸರಳು ಹಿಡಿದು ಎದ್ದಳು.

"ಸಾಹೇಬ್ರಿಗೆ ಹೆಸರು ಸಿಕ್ತೇನೋ?"

ಅವನು ಗೇಟು ತೆರೆದು ಹೊರಗೆ ಹೋಗಿ ಅವಳ ಪಕ್ಕದಲ್ಲಿ ನಿಂತ.

"ಸಿಕ್ತಬೇ ಅಕ್ಕ," ಎಂದ.